ಅತ್ತಿಮಬ್ಬೆಯ ಸಾವಿರ ಪ್ರತಿ, ನಿಮ್ಮ ಸಾವಿರ ಪ್ರತಿ

ನಮ್ಮ ನ್ಯೂಸ್‌ರೂಮಿಗೆ ಪುಸ್ತಕಗಳು ಬರ್ತಾನೇ ಇರ್ತವೆ. ಗದಗ-ಬೆಟಗೇರಿಯಿಂದ, ಲಕ್ಷ್ಮೇಶ್ವರದಿಂದ, ಶಿರಹಟ್ಟಿ, ಮುಂಡರಗಿಯಿಂದ ಬರುವ ಪೊಟ್ಟಣಗಳನ್ನ ನಾನು ನೋಡಿದ ಕೂಡಲೇ ಗುರುತಿಸ್ತೀನಿ. ಒಳಗೆ ಒಂದು ಪತ್ರ: "ಸರ್, ಒಂದ ನಿಮಿಷ ಟಿವಿಯೊಳಗ ತೋರಸ್ರಿ." ಪುಸ್ತಕದ ಎರಡನೇ ಪುಟ ತಿರುಗಿಸಿದರೆ ಪ್ರಕಾಶನದ ಹೆಸರು ಮೊಮ್ಮಗಳದ್ದು, ವಿಳಾಸ ಲೇಖಕರ ಮನೆಯದ್ದು. ಅರ್ಥ ಸ್ಪಷ್ಟ. ಕೈಯಿಂದ ದುಡ್ಡು ಹಾಕಿ ಮಾಡಿಸಿದ ಪುಸ್ತಕ. ನಿವೃತ್ತ ಮಾಸ್ತರರೊಬ್ಬರ ಗ್ರಾಚ್ಯುಟಿ, ಅಂಗಡಿಕಾರರೊಬ್ಬರ ಉಳಿತಾಯ, ಎಷ್ಟೋ ಸಲ ಅಕ್ಕೋರೊಬ್ಬರ ಬಳೆ. "ಪ್ರತಿಗಳು: 1000" ಅಂತ ಅಚ್ಚಾಗಿರ್ತದೆ. ಅದರಲ್ಲಿ ನೂರೈವತ್ತು ಹಂಚಿಕೆಯಾಗಿರ್ತವೆ. ಉಳಿದದ್ದು? ಮಂಚದ ಕೆಳಗೆ, ಅಟ್ಟದ ಮೇಲೆ.

ಈ ಸಾವಿರದ ಲೆಕ್ಕ ಯಾರು ಹೇಳಿಕೊಟ್ಟರು ನಮಗೆ?

ಗದಗ ತಾಲೂಕಿನ ಲಕ್ಕುಂಡಿಗೆ ಹೋಗಿ. ಹತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿಯ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಪ್ರೆಸ್ ಇಲ್ಲ, ಡಿ.ಟಿ.ಪಿ. ಇಲ್ಲ. ಓಲೆಗರಿಯ ಮೇಲೆ, ಕೈಯಲ್ಲಿ, ಸಾವಿರ ಸಲ. ರನ್ನನ ಅಜಿತಪುರಾಣದಿಂದ ನಮಗೆ ಈ ಸಂಗತಿ ಗೊತ್ತಾಗೋದು. ಆ ಕಾವ್ಯ ಬರೆಸಿದ್ದು ಆಕೆಯ ಅಪ್ಪ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಅಂದರೆ ಮನೆಯ ಪುಸ್ತಕವನ್ನ ಮನೆಮಗಳು ನಾಡಿಗೆಲ್ಲ ಮುಟ್ಟಿಸಿದ ಕಥೆ ಇದು. ಆದರೆ ನೋಡಿ, ಅತ್ತಿಮಬ್ಬೆ ದಂಡನಾಯಕರ ಮನೆತನದವಳು. ಪುಸ್ತಕ ಮಾರಿ ಅಸಲು ತೆಗೆಯೋ ಗರಜು ಆಕೆಗೆ ಇರಲಿಲ್ಲ. ನಿಮಗೆ ಇದೆ.

ಹಾಗಾದ್ರೆ ಲೆಕ್ಕ ಹಾಕೋಣ. ಇದು ತಿಳಿಯೋದಕ್ಕೆ ಹೇಳ್ತಿರೋ ಉದಾಹರಣೆ. ನಿಮ್ಮೂರಿನ ಪ್ರೆಸ್ಸಿನ ದರ ಕೇಳಿ ಅಂಕಿ ಬದಲಾಯಿಸಿಕೊಳ್ಳಿ. ಡೆಮಿ ಸೈಜಿನ 160 ಪುಟದ ಪುಸ್ತಕ, ಅಂದರೆ 16 ಪುಟದ ಹತ್ತು ಫಾರ್ಮು. ಸಾವಿರ ಪ್ರತಿ ಹಾಕಿಸಿದರೆ ಒಂದಕ್ಕೆ 80 ರೂಪಾಯಿ, ಒಟ್ಟು 80,000. ಡಿಜಿಟಲ್ ಪ್ರಿಂಟಿನಲ್ಲಿ ಮುನ್ನೂರೇ ಹಾಕಿಸಿದರೆ ಒಂದಕ್ಕೆ 110, ಒಟ್ಟು 33,000. ಬೆಲೆ 160 ಇಟ್ಟಿರಿ ಅಂತಿಟ್ಟುಕೊಳ್ಳಿ. ಪುಸ್ತಕದಂಗಡಿಯವರು ನೂರಕ್ಕೆ 40 ಕಮಿಷನ್ ಹಿಡಿದರೆ ನಿಮ್ಮ ಕೈಗೆ 96 ರೂಪಾಯಿ. ಸಾವಿರ ಪ್ರತಿಯ ಅಸಲು ಬರಬೇಕಂದ್ರೆ ಅಂಗಡಿಯಲ್ಲಿ 834 ಪುಸ್ತಕ ಹೋಗಬೇಕು. ಮುನ್ನೂರು ಹಾಕಿಸಿ, ನಿಮ್ಮ ಕೈಯಿಂದಲೇ ಪೂರ್ತಿ ಬೆಲೆಗೆ ಮಾರಿದರೆ? 207ಕ್ಕೆ ಅಸಲು ಮುಗೀತು. "ಸಾವಿರ ಹಾಕ್ಸಿದ್ರ ಒಂದ ಪ್ರತಿ ಅಗ್ಗ ಬೀಳ್ತದ್ರಿ ಸರ್" ಅಂತ ಪ್ರೆಸ್ಸಿನವರು ಹೇಳೋದು ಸುಳ್ಳಲ್ಲ. ಆದರೆ ಮಾರಾಟವಾಗದ ಪ್ರತಿಯಷ್ಟು ತುಟ್ಟಿ ಪ್ರತಿ ಇನ್ನೊಂದಿಲ್ಲ. ಮುನ್ನೂರು ಖರ್ಚಾಗಲಿ, ಮತ್ತೆ ಮುನ್ನೂರು ಹಾಕಿಸಿ. ಎರಡನೇ ಮುದ್ರಣ ಅಂತ ಬರೆದುಕೊಳ್ಳೋ ಖುಷಿಯೂ ಸಿಗ್ತದೆ.

ಅಚ್ಚಿನ ಕೆಲಸಕ್ಕೆ ಗದಗಿನವರು ಬೆಂಗಳೂರಿಗೆ ಓಡಬೇಕಾಗಿಲ್ಲ. ಅಚ್ಚುಕೂಟಗಳ ಊರು ಅದು. ಸಂಕೇಶ್ವರ ಅವರ ಇಂಗ್ಲಿಷ್-ಕನ್ನಡ ಡಿಕ್ಷನರಿ ಹಿಡಿದು ಶಾಲೆ ಕಲಿತವರು ಉತ್ತರ ಕರ್ನಾಟಕದಲ್ಲಿ ಎಷ್ಟು ಜನ ಇದ್ದೀರಿ! ಲಾರಿ, ಪತ್ರಿಕೆ ಎಲ್ಲ ಆಮೇಲೆ ಬಂದದ್ದು. ಆ ಮನೆತನದ ಕಸುಬು ಅಚ್ಚಿನದು.

ದುಡ್ಡಿನ ಮಾತಿಗಿಂತ ಮುಂಚೆ ಬರಹದ ಮಾತು ಆಡಬೇಕಿತ್ತು, ಈಗ ಆಡೋಣ. ಗದಗಿನ ವೀರನಾರಾಯಣ ಗುಡಿಯಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸ ಒಂದು ಹೆಮ್ಮೆಯ ಮಾತು ಹೇಳಿಕೊಳ್ತಾನೆ. ತಾನು ಹಲಗೆ-ಬಳಪ ಹಿಡಿದು ಕರಡು ಮಾಡಿದವನಲ್ಲ, ಒಮ್ಮೆ ಇಟ್ಟ ಪದವನ್ನ ಅಳಿಸಿದವನೂ ಅಲ್ಲ ಅಂತ. ಅವನಿಗೆ ಸಂದ ಮಾತು ಅದು. ತೊಂದರೆ ಏನಂದ್ರೆ, ಗದಗ ಸೀಮೆಯಲ್ಲಿ ಪೆನ್ನು ಹಿಡಿದ ಎಲ್ಲರೂ ಅದನ್ನ ತಮಗೂ ಅನ್ವಯಿಸಿಕೊಂಡುಬಿಟ್ಟಿದ್ದಾರೆ. ಬರೆದದ್ದು ಸೀದಾ ಡಿ.ಟಿ.ಪಿ.ಗೆ ಹೋಗ್ತದೆ, ಅಲ್ಲಿಂದ ಸೀದಾ ಪ್ರೆಸ್ಸಿಗೆ.

ಬೇಂದ್ರೆಯವರನ್ನ ನೋಡಿ. ಅವರ ಮನೆತನದವರು ಒಂದು ಕಾಲಕ್ಕೆ ನೆಲೆಸಿದ್ದು ಶಿರಹಟ್ಟಿಯಲ್ಲಿ, ಆಗ ಅದು ಸಾಂಗ್ಲಿ ಸಂಸ್ಥಾನದ ಊರು. ಅಂಥ ಕವಿ ಧಾರವಾಡದಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡರು. ಬರೆದದ್ದನ್ನ ಗೆಳೆಯರ ಎದುರು ಓದೋದು, ಚರ್ಚೆ ಮಾಡೋದು. ಮನೋಹರ ಗ್ರಂಥಮಾಲೆಯನ್ನೇ ತಗೊಳ್ಳಿ. 1933ರಲ್ಲಿ ಅದನ್ನ ಧಾರವಾಡದಲ್ಲಿ ಶುರುಮಾಡಿದ ಜಿ.ಬಿ. ಜೋಶಿಯವರು ಗದಗ ತಾಲೂಕಿನ ಹೊಂಬಳದವರು. ಅದಕ್ಕೆ ಸಾಹಿತ್ಯ ಸಲಹೆಗಾರರಾಗಿ ನಿಂತ ಕೀರ್ತಿನಾಥ ಕುರ್ತಕೋಟಿಯವರೂ ಗದಗಿನವರೇ. ಹಸ್ತಪ್ರತಿಯನ್ನ ಇನ್ನೊಬ್ಬರ ಕಣ್ಣಿಗೆ ಒಡ್ಡೋದು ಈ ನೆಲಕ್ಕೆ ಹೊಸದೇನಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಬರೆದು ಮುಗಿದ ಮೇಲೆ ಒಂದು ತಿಂಗಳು ಮುಚ್ಚಿಡಿ. ಆಮೇಲೆ ಗಟ್ಟಿಯಾಗಿ ಓದಿ. ನಾವು ಆ್ಯಂಕರ್‌ಗಳು ಸ್ಕ್ರಿಪ್ಟನ್ನ ಬಾಯಿಬಿಟ್ಟು ಓದಿ ನೋಡೋದು ಸುಮ್ಮನೆ ಅಲ್ಲ. ಎಲ್ಲಿ ಉಸಿರು ಸಿಕ್ಕಿಹಾಕಿಕೊಳ್ತದೋ ಅಲ್ಲಿ ವಾಕ್ಯ ಕೆಟ್ಟಿದೆ ಅಂತಲೇ ಲೆಕ್ಕ. ಮೂರು ಜನರಿಗೆ ಓದೋಕೆ ಕೊಡಿ. ಅವರಲ್ಲಿ ಒಬ್ಬರಾದರೂ ನಿಮ್ಮ ನೆಂಟರಾಗಿರಬಾರದು. "ಭಾಳ ಛಲೋ ಆಗೇತ್ರಿ" ಅನ್ನುವವರ ಅಭಿಪ್ರಾಯ ಮನಸ್ಸಿಗೆ ಹಿತ, ಪುಸ್ತಕಕ್ಕೆ ಉಪಯೋಗವಿಲ್ಲ. "ಯಾವ ಪುಟದಲ್ಲಿ ಬ್ಯಾಸರ ಬಂತು?" ಅಂತ ಕೇಳಿ, ಆ ಪುಟಕ್ಕೆ ಗೆರೆ ಎಳೆಯಿರಿ.

ಭಾಷೆಯ ಬಗ್ಗೆ ಮುಳಗುಂದದ ನಯಸೇನ 1112ರಲ್ಲೇ ಹೇಳಿಬಿಟ್ಟಿದ್ದಾನೆ. ಕನ್ನಡದಲ್ಲಿ ಬೇಡದ ಸಂಸ್ಕೃತ ತುರುಕೋದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅನ್ನೋದು ಅವನ ತಕರಾರು. ಇನ್ನು ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಪುಲಿಗೆರೆಯ ಕನ್ನಡ, ಅಂದರೆ ಇವತ್ತಿನ ಲಕ್ಷ್ಮೇಶ್ವರದ ಕನ್ನಡ. ಲಕ್ಷ್ಮೇಶ್ವರದ ಲೇಖಕರೊಬ್ಬರು ತಮ್ಮ ಆತ್ಮಕಥೆಯಲ್ಲಿ ತಾಯಿಯ ಬಾಯಲ್ಲಿ ಬೆಂಗಳೂರಿನ ಪಠ್ಯಪುಸ್ತಕದ ಕನ್ನಡ ಆಡಿಸಿದ್ದು ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆ ಉರೀತದೆ. ನಿಮ್ಮ ಅವ್ವ ಹ್ಯಾಂಗ ಮಾತಾಡ್ತಿದ್ದರೋ ಹಾಂಗ ಬರೀರಿ. ಓದುವವರಿಗೆ ತಿಳೀತದೆ.

ಆಮೇಲೆ ಕರಡು ತಿದ್ದುವ ಕೆಲಸ. ನುಡಿಯಲ್ಲಿ ಟೈಪ್ ಮಾಡಿದ್ದನ್ನ ಯುನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ಬಿಡ್ತದೆ, ಒತ್ತಕ್ಷರ ಕಳಚಿ ಬೀಳ್ತದೆ. ಕಂಪ್ಯೂಟರ್ ಪರದೆಯ ಮೇಲೆ ಇದು ಕಣ್ಣಿಗೆ ಬೀಳಲ್ಲ. ಕಾಗದದ ಮೇಲೆ ತೆಗೆಸಿ, ಕೆಂಪು ಪೆನ್ನು ಹಿಡಿದು ಕನಿಷ್ಠ ಎರಡು ಸಲ ನೋಡಿ. ಮೂರನೇ ಸಲ ಬೇರೆಯವರು ನೋಡಲಿ, ಕೂಲಿ ಕೊಟ್ಟಾದರೂ ಸರಿ. ಮುಖಪುಟಕ್ಕೆ ಕೊಡೋ ದುಡ್ಡಿನಲ್ಲಿ ಅರ್ಧ ಉಳಿಸಿ ಕರಡು ತಿದ್ದುವವರಿಗೆ ಕೊಡಿ ಅಂತ ನಾನು ಯಾವತ್ತೂ ಹೇಳ್ತೀನಿ. ಮುಖಪುಟ ಒಂದು ಸಲ ನೋಡ್ತಾರೆ, ತಪ್ಪನ್ನ ಪುಟಪುಟಕ್ಕೂ ನೋಡ್ತಾರೆ. ಇತಿಹಾಸದ ಪುಸ್ತಕವಾದರೆ ಇನ್ನೂ ಎಚ್ಚರ ಬೇಕು. ಮುಂಡರಗಿ ಭೀಮರಾಯರ ಬಂಡಾಯ 1858ರದ್ದು. ಸಿಪಾಯಿದಂಗೆ ಅಂದ ಕೂಡಲೇ ಕೈ ತಾನಾಗಿ 1857 ಅಂತ ಬರೆದುಬಿಡ್ತದೆ. ಒಂದು ಇಸವಿ ತಪ್ಪಿದರೆ ಓದುಗ ಉಳಿದ ಪುಟಗಳನ್ನೂ ಅನುಮಾನದಿಂದಲೇ ನೋಡ್ತಾನೆ.

ಇನ್ನೊಂದು ವಿಷಯ, ಇದು ಕಾನೂನಿನದು. ಪುಸ್ತಕದ ಮೊದಲ ಪುಟದಲ್ಲಿ ಬೇಂದ್ರೆಯವರ ಇಡೀ ಕವಿತೆ ಅಚ್ಚು ಹಾಕಿಸೋ ಚಾಳಿ ಇದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅಂದರೆ 2041ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು. ಕೇಳಿದರೆ ಕೊಡಬಹುದು. ಕೇಳದೇ ಹಾಕಬೇಡಿ. ಫೋಟೋಗೂ ಇದೇ ಎಚ್ಚರ ಇರಲಿ.

ಮುನ್ನುಡಿ? ದೊಡ್ಡವರ ಮುನ್ನುಡಿಗಾಗಿ ಎರಡು ವರ್ಷ ಕಾದು ಕೂತವರನ್ನ ನಾನು ಬಲ್ಲೆ. ಮುನ್ನುಡಿ ಓದಿ ಪುಸ್ತಕ ಕೊಂಡವರನ್ನ ಇನ್ನೂ ನೋಡಿಲ್ಲ. ಬೆನ್ನುಡಿಯಲ್ಲಿ ಪುಸ್ತಕ ಯಾವುದರ ಬಗ್ಗೆ ಅಂತ ನಾಲ್ಕು ಸಾಲು ಬರೀರಿ, ಸಾಕು.

ಈಗ ಐ.ಎಸ್.ಬಿ.ಎನ್. ವಿಷಯ. "ನಂಬರ್ ಕೊಡಿಸ್ತೀವಿ, ಪ್ರಶಸ್ತಿನೂ ಕೊಡಿಸ್ತೀವಿ, ಪ್ಯಾಕೇಜ್ ಇಷ್ಟು" ಅಂತ ಫೋನ್ ಬರ್ತದೆ ನಿಮಗೆ. ವೀಕ್ಷಕರೇ, ಆ ನಂಬರ್ ಪುಕ್ಕಟೆ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿ ಇರುವ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನ ಕೊಡೋದು, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು, ಸ್ವಂತ ಪುಸ್ತಕ ತರುವ ಲೇಖಕರೂ ಹಾಕಬಹುದು. ಕಾಲೇಜು ಓದೋ ಮಗನೋ ಮಗಳೋ ಇದ್ದರೆ ಕೂತು ತುಂಬಿಕೊಡ್ತಾರೆ. ದುಡ್ಡು ತಗೊಂಡು ಕೊಡೋ ಪ್ರಶಸ್ತಿಯ ಬಗ್ಗೆ ನಾನು ಏನೂ ಹೇಳಲ್ಲ, ನಿಮಗೇ ಗೊತ್ತು. ಹಾಗೆಯೇ 1954ರ ಕಾಯಿದೆಯ ಪ್ರಕಾರ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಇನ್ನು ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಮೊಮ್ಮಗಳ ಹೆಸರಿನ ಪ್ರಕಾಶನಕ್ಕೂ ಇದು ಅನ್ವಯ. ಮಂಚದ ಕೆಳಗಿನ ನಾಲ್ಕು ಪ್ರತಿಗೆ ಇದಕ್ಕಿಂತ ಒಳ್ಳೆ ಜಾಗ ಯಾವುದಿದೆ?

ಮಾರಾಟಕ್ಕೆ ಬರೋಣ. ಗಳಗನಾಥರ ಹೆಸರು ಕೇಳಿದ್ದೀರಿ. ಪಕ್ಕದ ಹಾವೇರಿ ಜಿಲ್ಲೆಯವರು, ಶಾಲೆಯ ಮಾಸ್ತರಿಕೆ ಮಾಡಿದವರು. ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಆಮೇಲೆ ಪುಸ್ತಕದ ಹೊರೆ ಹೊತ್ತು ಊರೂರು ನಡೆದು ಮಾರಿದರು. 1942ರಲ್ಲಿ ತೀರಿಕೊಂಡ ಆ ಮನುಷ್ಯನಿಗೆ ನಾಚಿಕೆ ಇರಲಿಲ್ಲ. ಇವತ್ತಿನ ನಮ್ಮ ಲೇಖಕರಿಗೆ ಪುಸ್ತಕ ಕೊಟ್ಟು ದುಡ್ಡು ಕೇಳೋಕೆ ಮುಖ ಇಲ್ಲ. ಬಿಡುಗಡೆ ಸಮಾರಂಭಕ್ಕೆ ಎಂಟು ಅತಿಥಿ, ಎಂಟು ಶಾಲು, ಎಂಟು ಹಾರ, ನೆನಪಿನ ಕಾಣಿಕೆ, ಮೇಲೆ ಊಟ. ಬಂದವರಿಗೆಲ್ಲ ಪುಸ್ತಕ ಪುಕ್ಕಟೆ. ಶಾಲಿನ ದುಡ್ಡು ಉಳಿಸಿ. ಬಾಗಿಲ ಬಳಿ ಒಂದು ಟೇಬಲ್, ಕೂರೋಕೆ ಒಬ್ಬ ಹುಡುಗ, ಚಿಲ್ಲರೆ, ಒಂದು ಕ್ಯೂಆರ್ ಕೋಡ್. ಅತಿಥಿಗಳೇ ಮೊದಲ ಪ್ರತಿ ದುಡ್ಡು ಕೊಟ್ಟು ತಗೊಳ್ಳಲಿ, ಉಳಿದವರ ಕೈ ತಾನೇ ಜೇಬಿಗೆ ಹೋಗ್ತದೆ.

ಗದಗ ಸೀಮೆಗೆ ಓದುಗರ ಬರ ಇಲ್ಲ. 2018ರಲ್ಲಿ ಲಿಂಗೈಕ್ಯರಾದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳನ್ನ ಜನ ಪುಸ್ತಕದ ಸ್ವಾಮಿಗಳು ಅಂತಲೇ ಕರೆದರು, ಅಷ್ಟು ಗ್ರಂಥಗಳನ್ನ ಮಠದಿಂದ ಹೊರತಂದರು. ಗದಗಿನ ಜಾತ್ರೆ, ಡಂಬಳದ ರೊಟ್ಟಿ ಜಾತ್ರೆ, ಶಿರಹಟ್ಟಿ ಫಕೀರೇಶ್ವರರ ಜಾತ್ರೆ ಇವೆಲ್ಲ ಜನ ತಾವಾಗಿ ಸೇರುವ ಜಾಗ. ಮುಂಡರಗಿ ಭೀಮರಾಯರ ಪುಸ್ತಕಕ್ಕೆ ಬೆಂಗಳೂರಿನಲ್ಲಿ ಗಿರಾಕಿ ಹುಡುಕೋದಕ್ಕಿಂತ ಮುಂಡರಗಿ, ಡಂಬಳ, ಕೊಪ್ಪಳದ ಶಾಲೆಗಳ ಬಾಗಿಲು ತಟ್ಟಿ.

ಟಿವಿಯವರಿಗೆ ಕಳಿಸ್ತೀರಾ? ಹನ್ನೆರಡು ಪುಟದ ಪತ್ರ ಬೇಡ, ನಿಮ್ಮ ಸನ್ಮಾನದ ಫೋಟೋ ಬೇಡ. ಬೇರೆಲ್ಲೂ ಇಲ್ಲದ ಯಾವ ಸಂಗತಿ ಈ ಪುಸ್ತಕದಲ್ಲಿದೆ, ಯಾವ ಪುಟದಲ್ಲಿದೆ ಅಂತ ಎರಡು ಸಾಲು ಬರೆದು, ಮೊಬೈಲ್ ನಂಬರ್ ಹಾಕಿ. ಆ ಎರಡು ಸಾಲಿನಲ್ಲಿ ಸುದ್ದಿ ಇದ್ದರೆ ನಮ್ಮ ಜಿಲ್ಲಾ ವರದಿಗಾರರೇ ನಿಮ್ಮ ಮನೆಗೆ ಬರ್ತಾರೆ.

ಕೊನೆಗೆ ಸರ್ಕಾರ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಧನಸಹಾಯದ ಯೋಜನೆ ಇದೆ, ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಹಸ್ತಪ್ರತಿ ಸಮೇತ ಅರ್ಜಿ ಹಾಕಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಹೋಗ್ತವೆ. ಆದರೆ ಆ ದುಡ್ಡು ನಂಬಿ ಸಾಲ ಮಾಡಬೇಡಿ. ಬಿಲ್ಲು ವರ್ಷಗಟ್ಟಲೆ ತಡ ಅನ್ನೋದು ಕನ್ನಡ ಪ್ರಕಾಶಕರ ಹಳೇ ಗೋಳು. ವಿಚಿತ್ರ ಏನು ಗೊತ್ತಾ? ದುಡ್ಡು ಕೊಡ್ತಿರೋದು ನೀವೇ. 1965ರ ಕಾಯಿದೆಯ ಪ್ರಕಾರ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ವಸೂಲಾಗ್ತದೆ. ಗದಗ-ಬೆಟಗೇರಿಯ ಲೇಖಕರು ಒಮ್ಮೆ ನಗರಸಭೆಗೆ ಹೋಗಿ, ಈ ವರ್ಷ ಕರ ಎಷ್ಟು ಬಂತು, ಗ್ರಂಥಾಲಯಕ್ಕೆ ಎಷ್ಟು ಕಟ್ಟಿದಿರಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ, ಅದನ್ನ ಖಂಡಿತ ಟಿವಿಯಲ್ಲಿ ತೋರಿಸ್ತೀನಿ.

ಅಂಚೆಯಲ್ಲಿ ಕಳಿಸೋದಾದರೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಇಲ್ಲವೇ ಪ್ರಕಾಶಕರ ಹೆಸರು ಇರಲೇಬೇಕು. ಜೊತೆಗೆ ಜಾಹೀರಾತಿನ ಚೀಟಿ ತುರುಕಬೇಡಿ.