ಎದೆನೋವು ಬಂದಾಗ ಮೊದಲು ಎಲ್ಲಿಗೆ?

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಹಿರಿಯರೊಬ್ಬರಿಗೆ ಬೆಳಗಿನ ಜಾವ ಎದೆ ಹಿಂಡಿದಂತಾಗಿ ಮೈಯೆಲ್ಲ ಬೆವರಿತು ಎಂದಿಟ್ಟುಕೊಳ್ಳೋಣ. ಮನೆಯವರು ‘ಗ್ಯಾಸ್ ಆಗಿರಬೇಕು’ ಎಂದು ಸೋಡಾ ಕುಡಿಸುತ್ತಾರೆ. ಕಡಿಮೆಯಾಗದಿದ್ದಾಗ ಊರಿನಲ್ಲೇ ನೋವಿನ ಸೂಜಿ ಹಾಕಿಸುತ್ತಾರೆ. ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಡುತ್ತಾರೆ. ಯಾರೂ ಸುಮ್ಮನೆ ಕುಳಿತಿರಲಿಲ್ಲ. ಆದರೂ ಅಮೂಲ್ಯವಾದ ಗಂಟೆಗಳು ಕಳೆದುಹೋದವು.

ಆ ಗಂಟೆಗಳಲ್ಲಿ ನಡೆಯುವುದೇನು? ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ಧಮನಿಯೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಸ್ನಾಯುವಿನ ಜೀವಕೋಶಗಳು ಸಾಯತೊಡಗುತ್ತವೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ. ದಾರಿ ಬೇಗ ತೆರೆದಷ್ಟೂ ಉಳಿಯುವ ಸ್ನಾಯು ಹೆಚ್ಚು.

ದಾರಿ ತೆರೆಯಲು ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು ಆಂಜಿಯೋಪ್ಲಾಸ್ಟಿ. ಇದು ಉತ್ತಮ ಚಿಕಿತ್ಸೆ. ಆದರೆ 120 ನಿಮಿಷಗಳೊಳಗೆ ದೊರೆಯುವಂತಿರಬೇಕು. ಕೊಪ್ಪಳದಿಂದ ಹುಬ್ಬಳ್ಳಿಯೇ ನೂರು ಕಿಲೋಮೀಟರಿಗಿಂತ ದೂರ. ಕುಷ್ಟಗಿ, ಗಂಗಾವತಿಗಳ ಹಳ್ಳಿಗಳಿಗೆ ಇನ್ನೂ ದೂರ. ಅಲ್ಲಿಗೆ ಎರಡನೆಯ ವಿಧಾನವೇ ಆಸರೆ: ಹೆಪ್ಪನ್ನು ಕರಗಿಸುವ ಚುಚ್ಚುಮದ್ದು. ಆಸ್ಪತ್ರೆ ತಲುಪಿದ 10 ನಿಮಿಷಗಳಲ್ಲಿ ಇ.ಸಿ.ಜಿ., 30 ನಿಮಿಷಗಳಲ್ಲಿ ಚುಚ್ಚುಮದ್ದು ಎಂಬುದು ಗುರಿ. ಮಿದುಳಿನ ರಕ್ತಸ್ರಾವವಾಗಿದ್ದವರಿಗೆ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಇದು ಅಪಾಯಕರವಾದ್ದರಿಂದ ವೈದ್ಯರು ಪರಿಶೀಲಿಸಿಯೇ ಕೊಡುತ್ತಾರೆ. ಅನಂತರ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಲೇಬೇಕು.

ಈ ತತ್ವದ ಮೇಲೆಯೇ ಕರ್ನಾಟಕ ಸರ್ಕಾರ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಪ್ರಕಟಿಸಿತು. 2021ರ ಅಕ್ಟೋಬರ್ 29ರಂದು ಹಠಾತ್ತನೆ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರನ್ನು ಅದಕ್ಕಿಡಲಾಗಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ಕೇಂದ್ರದ ತಜ್ಞರು ನೋಡಿ ಸಲಹೆ ನೀಡುತ್ತಾರೆ. ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ.

ಹಾಗಾದರೆ ಮೊದಲು ಎಲ್ಲಿಗೆ? ಇ.ಸಿ.ಜಿ. ಮತ್ತು ಈ ಚುಚ್ಚುಮದ್ದು ಎರಡೂ ಇರುವ ಅತಿ ಹತ್ತಿರದ ಆಸ್ಪತ್ರೆಗೆ. 108ಕ್ಕೆ ಕರೆ ಮಾಡಿ. ರೋಗಿಯನ್ನು ನಡೆಸಬೇಡಿ, ಬೈಕಿನಲ್ಲಿ ಕೂರಿಸಬೇಡಿ. ಎಡತೋಳು, ದವಡೆ, ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಇವು ಎಚ್ಚರಿಕೆಯ ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ, ವೃದ್ಧರಲ್ಲಿ, ಮಹಿಳೆಯರಲ್ಲಿ ಎದೆನೋವೇ ಇಲ್ಲದಿರಬಹುದು.

ವಿದ್ಯಾರ್ಥಿಗಳೇ, ನಿಮ್ಮೂರಿಗೆ ಸಮೀಪವಾಗಿ ಈ ಎರಡೂ ಸೌಲಭ್ಯವಿರುವ ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿ, ಮನೆಯ ಗೋಡೆಯ ಮೇಲೆ ಬರೆದಿಡಿ. ಆಪತ್ತು ಬಂದ ಮೇಲೆ ವಿಚಾರಿಸುತ್ತ ಕುಳಿತರೆ ವೇಳೆ ಕಾಯುವುದಿಲ್ಲ.