ಮೂರು ಲಕ್ಷಕ್ಕೆ ಸಾಕ್ಷಿ ಯಾರು?

ಕವಿಯ ಮಾತಿಗೆ ಪ್ರತಿಭೆಯೇ ಪ್ರಮಾಣವಾದೀತು. ವಿಶ್ವಕೋಶಕ್ಕೆ ಬರೆಯುವವನ ಪ್ರತಿಯೊಂದು ವಾಕ್ಯಕ್ಕೂ ಆಧಾರ ಬೇಕು. ಮೂಲವಿಲ್ಲದುದನ್ನು ಬರೆಯೆನೆಂಬ ವ್ಯಾಖ್ಯಾನಕಾರ ಮಲ್ಲಿನಾಥನ ಪ್ರತಿಜ್ಞೆ ಅವನಿಗೂ ಸಲ್ಲುವಂಥದು. ಆದರೆ ಆಧಾರಗ್ರಂಥದ ಹೆಸರನ್ನು ಅಡಿಯಲ್ಲಿ ಬರೆದ ಮಾತ್ರಕ್ಕೆ ಹೊಣೆ ತೀರಿತೆ? 1737ರಲ್ಲಿ ಕಲ್ಕತ್ತೆಗೆ ಎರಗಿದ ಚಂಡಮಾರುತದ ವೃತ್ತಾಂತ ಇದಕ್ಕೆ ಉತ್ತರ ಹೇಳುತ್ತದೆ.

ಆ ವರ್ಷದ ಅಕ್ಟೋಬರ್ 11ರ ರಾತ್ರಿ ಗಂಗೆಯ ಮುಖಜ ಭೂಮಿಯಲ್ಲಿ ಬಿರುಗಾಳಿ ಎದ್ದಿತು. ಹೂಗ್ಲಿ ಉಕ್ಕಿತು, ಸೇಂಟ್ ಆನ್ ಚರ್ಚಿನ ಗೋಪುರ ಉರುಳಿತು. ಬಳಿಕ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’, ಗಾಳಿಯೊಡನೆ ಭೂಕಂಪವೂ ಆಯಿತೆಂದೂ 3,00,000 ಜನ ಸತ್ತರೆಂದೂ ಅಚ್ಚುಮಾಡಿತು. ಗ್ರಂಥದಿಂದ ಗ್ರಂಥಕ್ಕೆ ಸಾಗುತ್ತ ಈ ಸಂಖ್ಯೆ ಎರಡೂವರೆ ಶತಮಾನ ಬಾಳಿತು. ಜಗತ್ತಿನ ಘೋರ ಭೂಕಂಪಗಳ ಪಟ್ಟಿಯಲ್ಲಿ ಕಲ್ಕತ್ತೆಗೆ ಸ್ಥಾನ ದೊರೆಯಿತು.

1994ರಲ್ಲಿ ಭೂಕಂಪಶಾಸ್ತ್ರಜ್ಞ ರೋಜರ್ ಬಿಲ್ಹಮ್ ಹಳೆಯ ದಾಖಲೆಗಳನ್ನೆಲ್ಲ ಮರಳಿ ಪರಿಶೀಲಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಸುಂಕಾಧಿಕಾರಿ ಥಾಮಸ್ ಜೋಷುವಾ ಮೂರ್ ಅಂದೇ ವರದಿ ಬರೆದಿದ್ದನು: ಗಾಳಿ, ನೆರೆಗಳಿಂದ ಹುಲ್ಲುಮನೆಗಳು ಬಹುಮಟ್ಟಿಗೆ ನಾಶವಾಗಿ ಪಟ್ಟಣದಲ್ಲಿ 3,000 ಜನ ಮಡಿದರೆಂದು. ಆಗಿನ ಕಲ್ಕತ್ತೆಯಲ್ಲಿ ಮೂರು ಲಕ್ಷ ಜನ ವಾಸವಾಗಿಯೇ ಇರಲಿಲ್ಲ. ಭೂಕಂಪವಾಯಿತೆಂಬ ಮಾತೂ ಸಂದೇಹಾಸ್ಪದವೆಂದು ಬಿಲ್ಹಮ್ ತೋರಿಸಿದರು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದರ ಮರ್ಮ ಹೊಸದಲ್ಲ. ಒಂದೇ ಓಲೆಯಿಂದ ಇಳಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಆದುದರಿಂದ ಆಧಾರಗಳನ್ನು ಒರೆಗೆ ಹಚ್ಚುವವನು ಮೂರು ಪ್ರಶ್ನೆಗಳನ್ನು ಕೇಳಬೇಕು. ಹೆಸರಿಸಿದ ಪುಟದಲ್ಲಿ ಆ ಮಾತು ನಿಜವಾಗಿ ಇದೆಯೆ? ಬರೆದವನು ಕಂಡು ಬರೆದನೆ, ಕೇಳಿ ಬರೆದನೆ? ಅವನ ಮಾತಿನ ವ್ಯಾಪ್ತಿಯೆಷ್ಟು? ಮೂರನ 3,000 ಪಟ್ಟಣದ ಲೆಕ್ಕ ಮಾತ್ರ. ಅದನ್ನೇ ಇಡೀ ಮುಖಜ ಭೂಮಿಗೆ ಅನ್ವಯಿಸಿದರೆ ಇನ್ನೊಂದು ತಪ್ಪು ಹುಟ್ಟೀತು. ಒಂದು ಪುಸ್ತಕದಲ್ಲಿ ಸೆಪ್ಟೆಂಬರ್ 30, ಇನ್ನೊಂದರಲ್ಲಿ ಅಕ್ಟೋಬರ್ 11 ಎಂದಿದ್ದರೆ ಬಿರುಗಾಳಿಗಳು ಎರಡಲ್ಲ. 1752ರವರೆಗೆ ಇಂಗ್ಲಿಷರು ಬಳಸಿದ ಹಳೆಯ ಪಂಚಾಂಗ 11 ದಿನ ಹಿಂದಿದ್ದಿತು, ಅಷ್ಟೆ.

ಸತ್ತವರು ಸತ್ತರು, ಲೆಕ್ಕ ಸ್ವಲ್ಪ ಹೆಚ್ಚಾದರೇನು ಎನ್ನಬಹುದು. ಲೆಕ್ಕವನ್ನು ನೂರುಮಡಿ ಹಿಗ್ಗಿಸಿದರೆ ಮರುಕವೇನೂ ನೂರುಮಡಿಯಾಗದು. ಹುಲ್ಲುಮನೆಯಲ್ಲಿ ಮಡಿದ ಮೂರು ಸಾವಿರ ಜನ ಮಾತ್ರ ಮರೆಯಾಗುತ್ತಾರೆ. ಅಲ್ಲದೆ, ಕೊಂದದ್ದು ನಡುಗಿದ ನೆಲವೆಂದು ಓದಿಕೊಂಡ ಕರಾವಳಿ, ಏರಿ ಬರುವ ನೀರಿಗೆ ಎಚ್ಚರವಾಗಿರುವುದು ಹೇಗೆ?