ಮನೆಗೆ ಅರ್ಥಿಂಗ್ ಇದೆ, ಕೊಟ್ಟಿಗೆಗೆ?

ಮನೆಯಿಂದ ಎರಡು ತಂತಿ ಎಳೆದು ಹಿತ್ತಲಿನ ಕೊಟ್ಟಿಗೆಗೆ ವಿದ್ಯುತ್ ಕೊಡುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಮೊದಲು ಒಂದು ಬಲ್ಬು ಬರುತ್ತದೆ. ಆಮೇಲೆ ಮೇವು ಕತ್ತರಿಸುವ ಯಂತ್ರ, ಅದರ ಹಿಂದೆಯೇ ಹಾಲು ಕರೆಯುವ ಯಂತ್ರ. ತಂತಿ ಮಾತ್ರ ಅದೇ ಎರಡು!

ಹೈನುಗಾರಿಕೆಯ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಹೋದಾಗ ಇಂಥದೇ ಕೊಟ್ಟಿಗೆಯೊಂದರಲ್ಲಿ ನಮ್ಮ ದೀಪದ ಸಹಾಯಕರು ಅಭ್ಯಾಸಬಲದಿಂದ ಮೇವಿನ ಯಂತ್ರದ ಮೈಗೆ ಟೆಸ್ಟರ್ ಇಟ್ಟರು. ಟೆಸ್ಟರ್ ಹೊತ್ತಿಕೊಂಡಿತು. "ಎಮ್ಮೆ ಅದರ ಹತ್ತಿರ ಬರೋದೇ ಇಲ್ಲ ಸಾರ್, ಸದ್ದಿಗೆ ಹೆದರುತ್ತೆ ಅಂದ್ಕೊಂಡಿದ್ವಿ" ಎಂದರು ಯಜಮಾನರು. ಅವರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು; ಎಮ್ಮೆಗೆ ಇರಲಿಲ್ಲ.

"ಹೊರಗೆ ಅರ್ಥ್ ಪೈಪ್ ಹುಗಿಸಿದ್ದೀವಲ್ಲ?" ಎಂಬುದು ಅವರ ಪ್ರಶ್ನೆ. ನೀವೂ ಇದನ್ನೇ ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಕೊಟ್ಟಿಗೆಯ ಪೈಪಿನ ರೋಧ 8 ಓಮ್, ಟ್ರಾನ್ಸ್‌ಫಾರ್ಮರ್ ಬಳಿಯ ಅರ್ಥಿಂಗ್‌ನದು 2 ಓಮ್ ಎಂದಿಟ್ಟುಕೊಳ್ಳಿ. ಫೇಸ್ ತಂತಿ ಯಂತ್ರದ ಮೈಗೆ ತಗುಲಿದರೆ 230 ವೋಲ್ಟ್‌ಗೆ ಹರಿಯುವುದು 23 ಆಂಪಿಯರ್ ಮಾತ್ರ. 32 ಆಂಪಿಯರ್‌ನ ಎಂ.ಸಿ.ಬಿ. ಇದಕ್ಕೆ ಬೀಳುವುದೇ ಇಲ್ಲ. ಯಂತ್ರದ ಮೈ ಮೇಲೆ 184 ವೋಲ್ಟ್ ನಿಂತಿರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಪೈಪಿನ ರೋಧ ಇನ್ನೂ ಏರುತ್ತದೆ.

ಹಾಗಾದರೆ ಪೈಪ್ ಬೇಡವೆಂದಲ್ಲ. ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪ್ ಇರಲಿ, ಅಲ್ಲಿಂದ ಯಂತ್ರಕ್ಕೆ ಹಸಿರು ತಂತಿ ಬರಲಿ. ಮನೆಯಿಂದ ಮೂರನೆಯ ತಂತಿಯಾಗಿ ಅಲ್ಲಿನ ಅರ್ಥನ್ನೂ ತಂದು ಇದಕ್ಕೆ ಸೇರಿಸಿ. ಆದರೆ ಜೀವ ಉಳಿಸುವುದು ಮನೆಯಲ್ಲಿ, ಈ ಲೈನು ಹೊರಡುವ ಜಾಗದಲ್ಲೇ ಕೂರಿಸುವ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿತೇ ಎಂದು ಅದು ಸದಾ ತೂಗಿ ನೋಡುತ್ತದೆ. ಸೋರಿಕೆ ಕಂಡರೆ ಕ್ಷಣದ ಒಂದಂಶದಲ್ಲಿ ಲೈನು ಕತ್ತರಿಸುತ್ತದೆ.

ಕೆಲವರು ತಂತಿ ಉಳಿಸಲು ಕೊಟ್ಟಿಗೆಯಲ್ಲಿ ನ್ಯೂಟ್ರಲನ್ನೇ ಅರ್ಥಿಗೆ ಸೇರಿಸುತ್ತಾರೆ. ಇದು ಉಳಿತಾಯವಲ್ಲ, ಅಪಾಯ. ನಡುವೆ ಎಲ್ಲಾದರೂ ನ್ಯೂಟ್ರಲ್ ತುಂಡಾದರೆ, ಉರಿಯುತ್ತಿರುವ ಬಲ್ಬಿನ ಮೂಲಕವೇ ಕರೆಂಟು ಎಲ್ಲ ಯಂತ್ರಗಳ ಮೈಗೆ ಏರುತ್ತದೆ. ಆರ್.ಸಿ.ಸಿ.ಬಿ. ಇದ್ದರಂತೂ ಹೀಗೆ ಸೇರಿಸಿದೊಡನೆ ಅದು ಪದೇಪದೇ ಬೀಳುತ್ತದೆ. ಆಗ "ಪೆಟ್ಟಿಗೆ ಸರಿಯಿಲ್ಲ" ಎಂದು ಅದನ್ನೇ ತೆಗೆದು ನೇರ ಕೊಟ್ಟುಬಿಡುವ ಮಹಾನುಭಾವರೂ ಇದ್ದಾರೆ!

ಇನ್ನು ಮೇನ್ ಸ್ವಿಚ್. ಯಾರಾದರೂ ಯಂತ್ರಕ್ಕೆ ಅಂಟಿಕೊಂಡಾಗ ಮನೆಗೆ ಓಡಿ ಸ್ವಿಚ್ ಆರಿಸುವಷ್ಟು ಸಮಯ ಇರುವುದಿಲ್ಲ. ಕೊಟ್ಟಿಗೆಯ ಬಾಗಿಲಲ್ಲೇ, ಗಂಜಲದ ನೆಲ ತುಳಿಯದೆ ಕೈಗೆ ಸಿಗುವಂತೆ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುವ ಡಬಲ್ ಪೋಲ್ ಸ್ವಿಚ್ ಇರಲಿ. ರಿಪೇರಿಯಲ್ಲಿ ತಂತಿಗಳು ಅದಲುಬದಲಾಗುವುದುಂಟು. ಒಂದನ್ನೇ ಕತ್ತರಿಸುವ ಸ್ವಿಚ್ಚು ಆಗ ಬರಿಯ ನ್ಯೂಟ್ರಲನ್ನು ಕತ್ತರಿಸಿ, ಆರಿದಂತೆ ನಟಿಸುತ್ತದೆ.

ಇದೆಲ್ಲ ಪರವಾನಗಿ ಇರುವ ವೈರ್‌ಮನ್ ಮಾಡಬೇಕಾದ ಕೆಲಸ. ನಿಮ್ಮ ಪಾಲಿಗೆ ಉಳಿಯುವುದು ತಿಂಗಳಿಗೊಮ್ಮೆ ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿ ಒತ್ತುವುದು. ಒತ್ತಿದೊಡನೆ ಬೀಳದಿದ್ದರೆ ಅದನ್ನು ಬದಲಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕಿ.